ಮೂರನೆಯ ರಂಧ್ರದ ಹಿಂದೆ ತಂತಿ ಇದೆಯೇ?

ಮುಂಬಯಿಯಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಅನೇಕರು ಮೂವತ್ತು ನಲವತ್ತು ವರ್ಷ ಹಳೆಯ ಕಟ್ಟಡಗಳಲ್ಲಿ ವಾಸಿಸುತ್ತಿದ್ದೇವೆ. ಮನೆ ಕೊಂಡಾಗ ಇದ್ದುದು ನಾಲ್ಕು ಫ್ಯಾನು, ಒಂದು ಫ್ರಿಜ್. ಇಂದು ಗೀಸರ್, ವಾಷಿಂಗ್ ಮಷೀನ್, ಏಸಿ ಎಲ್ಲವೂ ಬಂದಿವೆ. ಗೋಡೆಯೊಳಗಿನ ತಂತಿ ಮಾತ್ರ ಅಂದಿನದೇ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಸ್ನಾನಗೃಹದ ನಲ್ಲಿಯನ್ನು ಮುಟ್ಟಿದಾಗ ಬೆರಳು ಜುಮ್ಮೆಂದಿತು. ಗೀಸರಿನ ಪ್ಲಗ್ಗಿಗೆ ಮೂರು ಪಿನ್‌ಗಳಿದ್ದವು, ಗೋಡೆಯಲ್ಲಿ ಮೂರು ರಂಧ್ರಗಳೂ ಇದ್ದವು. ಇನ್ನೇನು ಬೇಕು ಎಂದು ಭಾವಿಸಿದ್ದ ನಾವು, ಕಲಾ ವಿಭಾಗದ ಪದವೀಧರರು, ಆ ದಿನದಿಂದ ಈ ವಿಷಯವನ್ನು ಕೇಳಿ ತಿಳಿಯತೊಡಗಿದೆವು.

ಮೇಲಿನ ದೊಡ್ಡ ಪಿನ್ನು ಅರ್ತ್, ಅಂದರೆ ಭೂಸಂಪರ್ಕದ್ದು. ಅದು ಉದ್ದವಾಗಿರುವುದರಿಂದ ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಕೂಡಿಕೊಂಡು, ತೆಗೆಯುವಾಗ ಕೊನೆಗೆ ಬಿಡುತ್ತದೆ. ದಪ್ಪವಾಗಿರುವುದರಿಂದ ಬೇರೆ ರಂಧ್ರದೊಳಗೆ ಹೋಗದು. (ಈ ದುಂಡು ಪಿನ್ ಬ್ರಿಟಿಷರಿಂದ ಬಂದದ್ದು. ಅವರೇ ಅದನ್ನು ಬಿಟ್ಟು ಚೌಕ ಪಿನ್ನಿಗೆ ಹೋದರು, ನಾವು ಉಳಿಸಿಕೊಂಡೆವು.) ಗೀಸರಿನೊಳಗೆ ಫೇಸ್ ತಂತಿ ಸಡಿಲಗೊಂಡು ಲೋಹದ ಮೈಗೆ ತಗುಲಿದರೆ ಮೈಯೆಲ್ಲ 230 ವೋಲ್ಟ್ ಆಗುತ್ತದೆ. ಅರ್ತ್ ತಂತಿ ಸರಿಯಾಗಿದ್ದರೆ ಅದರ ಮೂಲಕ ಭಾರೀ ಪ್ರವಾಹ ಹರಿದು ಫ್ಯೂಸ್ ಸುಡುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಇಲ್ಲದಿದ್ದರೆ ಏನೂ ಬೀಳುವುದಿಲ್ಲ. ಗೀಸರ್ ನೀರು ಕಾಯಿಸುತ್ತಲೇ ಇರುತ್ತದೆ, ಮುಟ್ಟುವ ಕೈಗಾಗಿ ಕಾಯುತ್ತಲೂ ಇರುತ್ತದೆ.

ನಮ್ಮ ಮನೆಯಲ್ಲಿ ಆಗಿದ್ದೇನು? ಹಿಂದೆ ಯಾರೋ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಕೊಳವೆಗೆ ಸುತ್ತಿದ್ದರು. ಕೊಳವೆ ನೆಲದವರೆಗೆ ಹೋಗುತ್ತಿದ್ದುದರಿಂದ ಹೇಗೋ ನಡೆದಿತ್ತು. ಕಟ್ಟಡದ ಹೊರಗಿನ ಕೊಳವೆಗಳನ್ನು ಬದಲಿಸಿ ಪ್ಲಾಸ್ಟಿಕ್ ಹಾಕಿಸಿದಾಗ ಆ ದಾರಿ ಕಡಿದುಹೋಯಿತು. ಪ್ಲಂಬರನಿಗೆ ವಿದ್ಯುತ್ತಿನ ಗೊಡವೆ ಇಲ್ಲ, ನಮಗೆ ತಿಳಿವಳಿಕೆ ಇಲ್ಲ. ಗೋಡೆಯೊಳಗೆ ಉಳಿದ ಕಬ್ಬಿಣದ ತುಂಡು ಸೋರಿಕೆಯನ್ನು ನಲ್ಲಿಯವರೆಗೆ ತಂದಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅರ್ತ್ ತಂತಿ ಇಲ್ಲದ ಬೋರ್ಡಿನಲ್ಲಿ ಕೆಲವರು ನ್ಯೂಟ್ರಲ್ ಮತ್ತು ಅರ್ತ್ ರಂಧ್ರಗಳನ್ನು ಒಂದು ತುಂಡು ತಂತಿಯಿಂದ ಒಳಗೇ ಕೂಡಿಸಿಬಿಡುತ್ತಾರೆ. ಮೇಲ್ನೋಟಕ್ಕೆ ಎಲ್ಲವೂ ಸರಿ, ಮೀಟರ್ ಹಿಡಿದು ವೋಲ್ಟೇಜ್ ನೋಡಿದರೂ ಸರಿ. ಆದರೆ ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ, ಚಾಲೂ ಇರುವ ಉಪಕರಣದ ಮೂಲಕವೇ ಫೇಸ್ ಬಂದು ಲೋಹದ ಮೈಯನ್ನೆಲ್ಲ ಸೇರುತ್ತದೆ. ನಾವು ಮನೆಯಲ್ಲಿ ಇಟ್ಟುಕೊಳ್ಳುವ ಟೆಸ್ಟರ್ ಇಲ್ಲಿ ನಿರುಪಯೋಗಿ: ಅರ್ತ್ ರಂಧ್ರಕ್ಕೆ ಹಾಕಿದರೆ ತಂತಿ ಇದ್ದರೂ ಅದು ಬೆಳಗದು, ಇಲ್ಲದಿದ್ದರೂ ಬೆಳಗದು. ಪರವಾನಗಿ ಇರುವ ವೈರ್‌ಮನ್‌ನಿಂದ ಬೋರ್ಡು ಬಿಚ್ಚಿಸಿ, ಹಸಿರು ತಂತಿ ಮೀಟರ್ ಕೋಣೆಯವರೆಗೆ ನಿಜವಾಗಿ ಹೋಗುತ್ತದೆಯೇ ಎಂದು ಪರೀಕ್ಷಿಸಿಸಬೇಕು.

ಎಂಸಿಬಿ ಇದೆಯಲ್ಲ ಎನ್ನುವವರುಂಟು. ಅದು ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಪ್ರಾಣ ತೆಗೆಯಲು ಅದರ ನೂರನೆಯ ಒಂದು ಪಾಲು ಸಾಕು, ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಅಲುಗುವುದೂ ಇಲ್ಲ. ಮನುಷ್ಯನಿಗಾಗಿ ಇರುವುದು ಆರ್‌ಸಿಸಿಬಿ. ಬ್ಯಾಂಕಿನವರಿಗೆ ಇದು ಬೇಗ ಅರ್ಥವಾಗುತ್ತದೆ: ಫೇಸ್‌ನಲ್ಲಿ ಹೋದದ್ದೂ ನ್ಯೂಟ್ರಲ್‌ನಲ್ಲಿ ಮರಳಿದ್ದೂ ತಾಳೆಯಾಗಬೇಕು. 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಕೌಂಟರ್ ಬಂದ್! ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಆದರೆ ಅದು ಪರೀಕ್ಷಿಸುವುದು ಆ ಪೆಟ್ಟಿಗೆಯನ್ನೇ ಹೊರತು ಅರ್ತ್ ತಂತಿಯನ್ನಲ್ಲ.

ನಮ್ಮಲ್ಲಿ ಆರ್‌ಸಿಸಿಬಿ ಹಾಕಿಸಿದ ಮೊದಲ ವಾರ ಪದೇ ಪದೇ ಬೀಳುತ್ತಿತ್ತು. ತೆಗೆಸಿಬಿಡಿ, ತಲೆನೋವು ಎಂದರು ನೆರೆಯವರು. ವೈರ್‌ಮನ್ ಅಡುಗೆಮನೆಯ ಬೋರ್ಡು ಬಿಚ್ಚಿದಾಗ ಒಳಗೆ ನ್ಯೂಟ್ರಲ್-ಅರ್ತ್ ಕೂಡಿಸಿದ ಆ ತುಂಡು ತಂತಿ ಕಂಡಿತು. ಅದನ್ನು ಕಿತ್ತು, ಹೊಸ ಹಸಿರು ತಂತಿ ಎಳೆದ ಮೇಲೆ ಅದು ಅಕಾರಣವಾಗಿ ಬಿದ್ದಿಲ್ಲ.