ಮನೆಯ ಕಂಪ್ಯೂಟರಿಗೂ ಬೇಕು ಒಂದು ಚೆಕ್‌ಪೋಸ್ಟ್

ಗುಂಡ್ಲುಪೇಟೆಯಿಂದ ಊಟಿಯತ್ತ ಹೊರಟವರಿಗೆ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್ ಚಿರಪರಿಚಿತ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ಕಾಡುರಸ್ತೆಯಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಬಂದುಹೋಗುವ ಗಾಡಿಗಳ ಮೇಲೆ ಅಲ್ಲಿ ಸದಾ ಕಣ್ಣು. ಆದರೆ ಮನೆಯ ಕಂಪ್ಯೂಟರಿಗೆ ಬಂದುಹೋಗುವ ಡೇಟಾದ ಮೇಲೆ ಕಣ್ಣಿಟ್ಟವರು ಯಾರು?

ಕೇಬಲ್ ಬಾರದ ಮನೆಗಳಲ್ಲಿ ಅಪ್ಪನ ಮೊಬೈಲಿನ ಹಾಟ್‌ಸ್ಪಾಟೇ ಕಂಪ್ಯೂಟರಿಗೆ ಇಂಟರ್ನೆಟ್. ದಿನಕ್ಕೆ 1.5 ಜಿ.ಬಿ. ಮಿತಿ ಎಂದಿಟ್ಟುಕೊಳ್ಳಿ. ಸಂಜೆ ಮಗಳು ಭೌತಶಾಸ್ತ್ರದ ಪಾಠ ನೋಡಲು ಕುಳಿತರೆ ಚಿತ್ರ ಅಲ್ಲೇ ನಿಂತುಬಿಡುತ್ತದೆ. ‘ಮಧ್ಯಾಹ್ನವೆಲ್ಲ ಸಿನಿಮಾ ನೋಡಿದ್ಯೇನಮ್ಮ?’ ಎಂದು ಅಪ್ಪನ ಗದರಿಕೆ. ‘ಇಲ್ಲ ಕಣಪ್ಪ, ನಾನು ಮುಟ್ಟೇ ಇಲ್ಲ’ ಎಂದು ಮಗಳ ಉತ್ತರ. ಇಬ್ಬರ ಬಳಿಯೂ ಲೆಕ್ಕವಿಲ್ಲ. ನಾಳೆಯ ಪರೀಕ್ಷೆಗೆ ಓದಬೇಕಾದವಳ ಕಣ್ಣಲ್ಲಿ ನೀರು.

ಗಂಟೆಯ ಲೆಕ್ಕದಿಂದ ಜಿ.ಬಿ.ಗೆ

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಒದಗಿಸಿದಾಗ ಲೆಕ್ಕವಿದ್ದದ್ದು ಗಂಟೆಗಳಲ್ಲಿ. 2005ರಲ್ಲಿ ಬಿ.ಎಸ್.ಎನ್.ಎಲ್.ನ ಡೇಟಾ ಒನ್ ಬಂದ ಮೇಲೆ ಜನ ಎಂ.ಬಿ.ಗಳನ್ನು ಎಣಿಸತೊಡಗಿದರು. ಅದರ 250 ರೂಪಾಯಿ ಯೋಜನೆಯಲ್ಲಿ ಒಂದು ಕಾಲಕ್ಕೆ ತಿಂಗಳಿಡೀ ಸಿಗುತ್ತಿದ್ದುದು 400 ಎಂ.ಬಿ. ಈಗ ಪ್ರಮಾಣ ಹೆಚ್ಚಿದೆ. ವಿಡಿಯೊದ ಹಸಿವೂ ಹೆಚ್ಚಿದೆ.

ಲೆಕ್ಕ ಸುಲಭ. ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ, ಬಳಕೆಯನ್ನು ಬೈಟ್‌ಗಳಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಸೆಕೆಂಡಿಗೆ 1 ಮೆಗಾಬಿಟ್ ಬಯಸುವ ವಿಡಿಯೊ ಒಂದು ಗಂಟೆಗೆ 450 ಎಂ.ಬಿ. ಬಳಸುತ್ತದೆ. ಅದೇ ಪಾಠವನ್ನು ಇನ್ನೂ ಸ್ಪಷ್ಟವಾಗಿ, 5 ಮೆಗಾಬಿಟ್‌ನಲ್ಲಿ ನೋಡಿದರೆ ಗಂಟೆಗೆ 2.25 ಜಿ.ಬಿ. ಅಂದರೆ 1.5 ಜಿ.ಬಿ. ನಲವತ್ತೇ ನಿಮಿಷಕ್ಕೆ ಖಾಲಿ. ಕಪ್ಪುಹಲಗೆಯ ಪಾಠಕ್ಕೆ ಅಷ್ಟು ಸ್ಪಷ್ಟತೆ ಬೇಕಿಲ್ಲ.

ಕಳ್ಳ ಯಾರು?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ವಿಭಾಗದ ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋದರೆ ‘ಡೇಟಾ ಯೂಸೇಜ್’ ಸಿಗುತ್ತದೆ. ಯಾವ ಪ್ರೋಗ್ರಾಂ ಎಷ್ಟು ಬಳಸಿದೆ ಎಂಬ ಪಟ್ಟಿ ಅಲ್ಲಿದೆ. ಲಿನಕ್ಸ್ ಬಳಸುವವರಿಗೆ ‘ವಿಎನ್‌ಸ್ಟಾಟ್’ ಎಂಬ ಉಚಿತ ತಂತ್ರಾಂಶ ದಿನದ, ತಿಂಗಳ ಲೆಕ್ಕ ಬರೆದಿಡುತ್ತದೆ.

ಪಟ್ಟಿ ತೆರೆದಾಗ ಅನೇಕ ಸಲ ಸಿಕ್ಕಿಬೀಳುವುದು ಮಕ್ಕಳಲ್ಲ. ಯಾರ ಅಪ್ಪಣೆಗೂ ಕಾಯದೆ ತಾನೇ ಇಳಿದುಬರುವ ವಿಂಡೋಸ್ ಅಪ್‌ಡೇಟ್, ಫೋಟೊಗಳನ್ನು ದೂರದ ಸರ್ವರಿಗೆ ಸಾಗಿಸುವ ಪ್ರೋಗ್ರಾಂ. ಹೊರಗೆ ಹೋಗುವ ಡೇಟಾ ಕೂಡ ಮಿತಿಯಲ್ಲೇ ಕಳೆಯುತ್ತದೆ ಎಂಬುದು ನೆನಪಿರಲಿ.

ಇದಕ್ಕೆ ಮದ್ದು, ಹಾಟ್‌ಸ್ಪಾಟ್ ಸಂಪರ್ಕವನ್ನು ‘ಮೀಟರ್ಡ್ ಕನೆಕ್ಷನ್’ ಎಂದು ಗುರುತಿಸುವುದು. ಆಗ ಬಹುತೇಕ ಅಪ್‌ಡೇಟ್‌ಗಳು ತಡೆದು ನಿಲ್ಲುತ್ತವೆ. ಆದರೆ ಅಪ್‌ಡೇಟನ್ನು ಕಾಯಂ ತಡೆಯಬಾರದು. ಕಂಪ್ಯೂಟರಿನ ಸುರಕ್ಷತೆಗೆ ಅದು ಬೇಕು. ಡೇಟಾ ಉಳಿದ ರಾತ್ರಿ ಬಿಟ್ಟರಾಯಿತು.

ಒಂದು ಎಚ್ಚರಿಕೆ. ಈ ಪಟ್ಟಿ ಆ ಒಂದು ಕಂಪ್ಯೂಟರಿನದು ಮಾತ್ರ; ಅದೇ ಸಂಪರ್ಕದಲ್ಲಿರುವ ಮೊಬೈಲ್, ಟಿ.ವಿ.ಗಳ ಬಳಕೆ ಅದರಲ್ಲಿ ಸಿಗದು. ಬ್ರೌಸರ್ 900 ಎಂ.ಬಿ. ಬಳಸಿದೆ ಎಂದು ಅದು ಹೇಳೀತು. ನೋಡಿದ್ದು ಪಾಠವೋ ಸಿನಿಮಾವೋ ಎಂದು ಹೇಳಲಾರದು. ಅದನ್ನು ಮಗಳನ್ನೇ ಕೇಳಬೇಕು, ಕೇಳಿದ ಮೇಲೆ ನಂಬಬೇಕು.

ವಾರಕ್ಕೊಮ್ಮೆ ಅಪ್ಪ, ಮಗಳು ಜೊತೆಗೆ ಕುಳಿತು ಆ ಪಟ್ಟಿ ನೋಡಿ, ಹಾಲಿನ ಲೆಕ್ಕದ ಹಾಗೆ ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತೇ ನಿಮಿಷದ ಕೆಲಸ. ಪರೀಕ್ಷೆಯ ಹಿಂದಿನ ಸಂಜೆ ಗದರಿಕೆಯೂ ಇರದು, ಪಾಠವೂ ನಿಲ್ಲದು.