ಒಂದು ಸಂಪರ್ಕ, ಹಲವು ಪೆಟ್ಟಿಗೆಗಳು: ಸಣ್ಣ ಸಂಶೋಧನ ಸಂಸ್ಥೆಗಳ ಮಿಂಚಂಚೆ ವ್ಯವಸ್ಥೆ

ಇಪ್ಪತ್ತು ವರ್ಷಗಳ ಹಿಂದಿನ ಸಂಶೋಧನ ಪತ್ರಿಕೆಯ ಸಂಚಿಕೆಯೊಂದು ಗ್ರಂಥಾಲಯದ ಕಪಾಟಿನಲ್ಲಿ ಇಟ್ಟಲ್ಲಿಯೇ ಇರುತ್ತದೆ. ಅದರ ರಕ್ಷಾಪುಟದ ಒಳಮಗ್ಗುಲಲ್ಲಿ ಅಚ್ಚಾಗಿರುವ ಮಿಂಚಂಚೆ ವಿಳಾಸ ಮಾತ್ರ ಅನೇಕ ವೇಳೆ ಬದುಕಿರುವುದಿಲ್ಲ. ಅದೇ ಪುಟದ ಅಂಚೆ ವಿಳಾಸಕ್ಕೆ ಬರೆದ ಪತ್ರ ಹೇಗೋ ತಲುಪೀತು. ಕಚೇರಿ ಪಕ್ಕದ ಬೀದಿಗೆ ಹೋಗಿದ್ದರೂ ಊರಿನ ಅಂಚೆಯವನಿಗೆ ಗೊತ್ತಿರುತ್ತದೆ. ಮಿಂಚಂಚೆಗೆ ಅಂಥ ಅಂಚೆಯವನಿಲ್ಲ. ಜತ್ತ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕರು ತಮ್ಮ ಹಳೆಯ ಕನ್ನಡ ಶಾಲೆಯ ದಾಖಲಾತಿ ಪುಸ್ತಕದ ಛಾಯಾಚಿತ್ರಗಳನ್ನು ಆ ವಿಳಾಸಕ್ಕೆ ಕಳುಹಿಸುತ್ತಾರೆ ಎಂದು ಭಾವಿಸೋಣ. ಪತ್ರ ಹಿಂದಿರುಗುತ್ತದೆ, ಅವರು ಮತ್ತೊಮ್ಮೆ ಪ್ರಯತ್ನಿಸುವುದಿಲ್ಲ. ಅಲ್ಲಿ ಕಳೆದುಹೋದದ್ದು ಒಂದು ಪತ್ರವಲ್ಲ, ಒಂದು ಆಕರ. ಸರ್ಕಾರಿ ದಾಖಲೆಗಳು ಬೇರೊಂದು ರಾಜ್ಯದ ಭಾಷೆಯಲ್ಲಿರುವ ಪ್ರದೇಶಗಳ ಅಧ್ಯಯನದಲ್ಲಿ ಇಂಥ ಖಾಸಗಿ ಆಕರಗಳ ಪಾಲು ಹಿರಿದು. ಆದ್ದರಿಂದ ಮಿಂಚಂಚೆ ಖಾತೆಗಳ ಏರ್ಪಾಡನ್ನು ಕಂಪ್ಯೂಟರ್ ಬಲ್ಲ ಯಾರೋ ಒಬ್ಬರ ಕೆಲಸವೆಂದು ಬಿಟ್ಟುಬಿಡುವಂತಿಲ್ಲ.

ವಿಳಾಸಗಳು ಸಾಯುವುದರ ಮೂಲ ಅವು ಹುಟ್ಟಿದ ರೀತಿಯಲ್ಲಿಯೇ ಇದೆ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಸಂಸ್ಥೆ ಕೊಡುತ್ತಿದ್ದ ವಿಳಾಸದಲ್ಲಿ 'ಗಿಯಾಸ್' ಎಂಬ ಸೇವೆಯ ಸಂಕ್ಷಿಪ್ತನಾಮವೂ ನಗರದ ಸಂಕೇತವೂ ಸೇರಿರುತ್ತಿದ್ದವು: ಮುಂಬೈಗೆ 'ಬಿಎಂ', ಚೆನ್ನೈಗೆ 'ಎಂಡಿ', ಬೆಂಗಳೂರಿಗೆ 'ಬಿಜಿ'. ಬಾಂಬೆ, ಮದ್ರಾಸ್ ಎಂಬ ಹಳೆಯ ಹೆಸರುಗಳು ಫಲಕಗಳಿಂದ ಅಳಿದ ಮೇಲೂ ಕೆಲಕಾಲ ಇಲ್ಲಿ ಉಳಿದುಕೊಂಡವು. ಸ್ಥಳನಾಮ ಅಧ್ಯಯನ ಮಾಡುವವರು ಗಮನಿಸಬಹುದಾದ ಸಣ್ಣ ಸಂಗತಿ. ಮುಂದೆ ಬಂದ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ವಿಳಾಸಗಳಲ್ಲಿಯೂ ಅನೇಕವು ಊರಿನ ಸಂಕ್ಷೇಪವನ್ನು ಹೊತ್ತಿದ್ದವು. ಅಂದರೆ ವಿಳಾಸವು ಬರೆಯುವವನಿಗೆ ಸೇರಿದ್ದಾಗಿರಲಿಲ್ಲ. ಸೇವಾದಾತ ಸಂಸ್ಥೆಗೂ ಅದರ ತಂತಿ ಮುಟ್ಟಿದ ಊರಿಗೂ ಸೇರಿತ್ತು.

ಸೇವಾದಾತರಿಂದ ಹಲವು ಖಾತೆಗಳನ್ನು ಪಡೆಯುವ ಕ್ರಮ ಇಂದಿಗೂ ಬಹುಮಟ್ಟಿಗೆ ಅದೇ ತರ್ಕವನ್ನು ಅನುಸರಿಸುತ್ತದೆ. ಸಂಪರ್ಕ ಪಡೆದಾಗ ಗ್ರಾಹಕರ ಹೆಸರಿನಲ್ಲಿ ಒಂದು ಮೂಲಖಾತೆ ಸಿದ್ಧವಾಗುತ್ತದೆ. ಮಿಂಚಂಚೆ ಸೌಲಭ್ಯ ಕೊಡುವ ಸೇವಾದಾತರಲ್ಲಿ, ಆ ಮೂಲಖಾತೆಯ ಮೂಲಕ ಗ್ರಾಹಕರ ಪುಟವನ್ನು ಪ್ರವೇಶಿಸಿ, ಯೋಜನೆಯು ಅನುಮತಿಸುವಷ್ಟು ಉಪಖಾತೆಗಳನ್ನು ಸೇರಿಸಬಹುದು. ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಗುಪ್ತಪದ, ಬೇರೆ ಪೆಟ್ಟಿಗೆ. ಆದರೆ ಉಪಖಾತೆಯ ಗುಪ್ತಪದವನ್ನು ಬದಲಿಸುವ, ಅದನ್ನು ಅಳಿಸುವ ಅಧಿಕಾರ ಮೂಲಖಾತೆಯ ಕೈಯಲ್ಲಿಯೇ ಇರುತ್ತದೆ. ಸಂಪರ್ಕ ರದ್ದಾದರೆ ಮೂಲಖಾತೆಯೊಂದಿಗೆ ಉಪಖಾತೆಗಳೂ ಹೋಗುತ್ತವೆ. ಸಂಪರ್ಕವು ಒಬ್ಬ ಕಾರ್ಯದರ್ಶಿಯ ಮನೆಯ ದೂರವಾಣಿಗೆ ಸೇರಿದ್ದರಂತೂ ಆ ಮನೆಯ ಬಿಲ್ಲು ಕಟ್ಟುವವರೆಗೆ ಮಾತ್ರ ಸಂಸ್ಥೆಗೆ ವಿಳಾಸವಿರುತ್ತದೆ.

ಗಡಿಯಲ್ಲಿ ಈ ತೊಡಕು ಇನ್ನಷ್ಟು ಬಿಗಿ. ಕಾಸರಗೋಡಿನಿಂದ ಮಂಗಳೂರು ಐವತ್ತು ಕಿಲೋಮೀಟರಿನ ಆಸುಪಾಸು. ಕಚೇರಿಯನ್ನು ಅಲ್ಲಿಗೆ ಸಾಗಿಸಲು ಒಂದು ಮಧ್ಯಾಹ್ನ ಸಾಕು. ಆದರೆ 04994ರ ಸ್ಥಿರ ದೂರವಾಣಿ ಸಂಖ್ಯೆ 0824ರ ಊರಿಗೆ ಬರುವುದಿಲ್ಲ. ದೂರಸಂಪರ್ಕದ ವೃತ್ತವೇ ಬೇರೆ. ಹೊಸ ಸಂಪರ್ಕ, ಹೊಸ ಗ್ರಾಹಕ ಸಂಖ್ಯೆ, ಅದಕ್ಕೆ ಅಂಟಿದ ಹೊಸ ಖಾತೆ.

ಊರು ಬಿಡದವರೂ ಸುರಕ್ಷಿತರಲ್ಲ. ನ್ಯೂಜಿಲೆಂಡಿನ ವೊಡಾಫೋನ್ 2017ರ ನವೆಂಬರ್ ಕೊನೆಯಲ್ಲಿ ತನ್ನ ಮಿಂಚಂಚೆ ಸೇವೆಯನ್ನೇ ಮುಚ್ಚಿತು. ಅದರೊಡನೆ ಅದು ಹಿಂದೆ ಸ್ವಾಧೀನಪಡಿಸಿಕೊಂಡಿದ್ದ ಐಹಗ್, ಪ್ಯಾರಡೈಸ್, ಕ್ಲಿಯರ್ ಮುಂತಾದ ಸೇವೆಗಳ ವಿಳಾಸಗಳೂ ನಿಂತವು. ಅದೇ ವರ್ಷ ಅಮೆರಿಕದ ವೆರಿಜಾನ್ ಕೂಡ ಈ ಸೇವೆಯಿಂದ ಹಿಂದೆ ಸರಿದು, ವಿಳಾಸ ಉಳಿಸಿಕೊಳ್ಳಬಯಸುವವರು ಎಒಎಲ್‌ಗೆ ಹೋಗಬೇಕೆಂದಿತು. ಬಾಡಿಗೆ ಮನೆಯ ಬಾಗಿಲಿಗೆ ಹೆಸರಿನ ಫಲಕ ಹಾಕಿದರೆ ಮನೆ ಸ್ವಂತವಾಗದು.

ಹಾಗಿದ್ದರೆ ಸೇವಾದಾತರ ಬಹುಖಾತೆಗಳು ನಿರುಪಯೋಗಿಗಳೆ? ಹಾಗಲ್ಲ. ಒಳಗಿನ ವ್ಯವಹಾರಕ್ಕೆ ಅವು ಸಾಕು. ಅಚ್ಚಿಗೆ ಹೋಗುವ ವಿಳಾಸ ಮಾತ್ರ ಸಂಸ್ಥೆಯ ಸ್ವಂತ ಡೊಮೇನಿನದಾಗಿರಬೇಕು. ವರ್ಷಕ್ಕೊಮ್ಮೆ ನವೀಕರಣ ಶುಲ್ಕ ಕಟ್ಟುತ್ತಿರುವವರೆಗೆ ಡೊಮೇನ್ ಸಂಸ್ಥೆಯದೇ. ಅದರ ಹಿಂದಿನ ಪೆಟ್ಟಿಗೆಯನ್ನು ಇಂದು ಒಬ್ಬ ಸೇವಾದಾತರಲ್ಲಿ, ನಾಳೆ ಇನ್ನೊಬ್ಬರಲ್ಲಿ ಇಡಬಹುದು, ಹೊರಗಿನವರಿಗೆ ವಿಳಾಸ ಬದಲಾಗದು. ಶೈಕ್ಷಣಿಕ ಮತ್ತು ಸಂಶೋಧನ ಸಂಸ್ಥೆಗಳಿಗೆ ಮೀಸಲಾದ 'ಎಸಿ ಡಾಟ್ ಇನ್', 'ರೆಸ್ ಡಾಟ್ ಇನ್' ಹೆಸರುಗಳನ್ನು ಅರ್ನೆಟ್ ಸಂಸ್ಥೆಯ ಮೂಲಕ, ಅರ್ಹತೆಯ ದಾಖಲೆಗಳನ್ನು ಸಲ್ಲಿಸಿ ಪಡೆಯಬೇಕು. ಡೊಮೇನನ್ನು ಸಂಸ್ಥೆಯ ಹೆಸರಿನಲ್ಲಿಯೇ ನೋಂದಾಯಿಸುವುದು ಅಗತ್ಯ. ಉತ್ಸಾಹಿ ವಿದ್ಯಾರ್ಥಿಯೊಬ್ಬನ ಹೆಸರಿನಲ್ಲಿ ನೋಂದಾಯಿಸಿ, ಆತ ಬೇರೆ ಊರಿಗೆ ಕೆಲಸಕ್ಕೆ ಹೋದ ಬಳಿಕ ಪರದಾಡುವುದು ಅಪರೂಪದ ಕಥೆಯಲ್ಲ.

ಎಷ್ಟು ಖಾತೆಗಳು ಬೇಕೆಂಬ ಪ್ರಶ್ನೆಗೆ ಸಂಸ್ಥೆಯ ಹಳೆಯ ಆವಕ ವಹಿಯೇ ಉತ್ತರ ಕೊಡುತ್ತದೆ. ಲೇಖನಗಳು, ಚಂದಾ ಮತ್ತು ಲೆಕ್ಕಪತ್ರ, ಗ್ರಂಥಾಲಯ, ಕ್ಷೇತ್ರಕಾರ್ಯದ ಆಕರಗಳು: ಸಣ್ಣ ಸಂಸ್ಥೆಗೆ ಈ ನಾಲ್ಕು ಪೆಟ್ಟಿಗೆಗಳು ಧಾರಾಳ. ಖಾತೆ ಹುದ್ದೆಯ ಹೆಸರಿನಲ್ಲಿರಬೇಕು, ವ್ಯಕ್ತಿಯ ಹೆಸರಿನಲ್ಲಲ್ಲ. ಸಂಪಾದಕರು ಬದಲಾಗುತ್ತಾರೆ, ಸಂಪಾದಕ ಪೀಠ ಬದಲಾಗುವುದಿಲ್ಲ.

ಇಲ್ಲಿ ಮೂರು ಏರ್ಪಾಡುಗಳ ಭೇದವನ್ನು ತಿಳಿಯಬೇಕು. ಪ್ರತ್ಯೇಕ ಖಾತೆ ಎಂದರೆ ತನ್ನದೇ ಪೆಟ್ಟಿಗೆ, ತನ್ನದೇ ಬೀಗ. ಮರುರವಾನೆ ಎಂದರೆ ಒಂದೆಡೆ ಬಂದುದನ್ನು ಇನ್ನೊಂದೆಡೆಗೆ ದಾಟಿಸುವುದು. ಪರ್ಯಾಯ ವಿಳಾಸ ಎಂದರೆ ಅದೇ ಪೆಟ್ಟಿಗೆಗೆ ಇನ್ನೊಂದು ಹೆಸರು. ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಹಳೆಯ ಕಾಗದಪತ್ರಗಳಲ್ಲಿ ಕಾಣುವ 'ಉರ್ಫ್' ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಬಹುಭಾಷಿಕ ಪ್ರದೇಶದ ಸಂಸ್ಥೆಗಳಿಗೆ ಈ ಮೂರನೆಯದರಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲ. ಕಾರಣ ರೋಮನ್ ಕಾಗುಣಿತ. ದಂತ್ಯ ತಕಾರವನ್ನು ದಕ್ಷಿಣದವರು ಸಾಮಾನ್ಯವಾಗಿ 'ಟಿ-ಎಚ್' ಎಂದು ಬರೆದರೆ ಮಹಾರಾಷ್ಟ್ರದಲ್ಲಿ 'ಟಿ' ಒಂದೇ ಸಾಕು. ಕಾಸರಗೋಡಿನ ಲತಾಗೆ ಬೇಕಾದ 'ಎಚ್' ಸೊಲ್ಲಾಪುರದ ಲತಾಗೆ ಬೇಡ. ವಕಾರಕ್ಕೆ ಒಬ್ಬರು 'ವಿ', ಇನ್ನೊಬ್ಬರು 'ಡಬ್ಲ್ಯೂ'. ತಾಳವಾಡಿಯ ಹೆಸರಿನಲ್ಲಿ ಈ ಎರಡೂ ಸಮಸ್ಯೆಗಳು ಒಟ್ಟಿಗೆ ಸೇರುತ್ತವೆ, ಕೊನೆಯ ಇಕಾರಕ್ಕೆ 'ಐ'ಯೋ 'ವೈ'ಯೋ ಎಂಬುದು ಮೂರನೆಯದು. ಕಾಸರಗೋಡಿನ ನಡುವಣ ಅಕಾರವನ್ನು ಉಳಿಸಬೇಕೆ ಬಿಡಬೇಕೆ ಎಂಬ ಬಗ್ಗೆ ಫಲಕಗಳಲ್ಲಿಯೇ ಒಮ್ಮತವಿಲ್ಲ. ಕಿವಿಯಿಂದ ಕೇಳಿ ವಿಳಾಸ ಬರೆದುಕೊಳ್ಳುವವರು ತಮ್ಮ ಭಾಷೆಯ ರೂಢಿಯಂತೆಯೇ ಬರೆಯುತ್ತಾರೆ. ಸಾಧ್ಯವಿರುವ ಕಾಗುಣಿತಗಳನ್ನೆಲ್ಲ ಪರ್ಯಾಯ ವಿಳಾಸಗಳನ್ನಾಗಿ ಸೇರಿಸಿದರೆ ತಪ್ಪು ಬರೆದ ಪತ್ರವೂ ಸರಿಯಾದ ಪೆಟ್ಟಿಗೆಗೆ ಬೀಳುತ್ತದೆ. ಊರ ಹೆಸರು ಡೊಮೇನಿನಲ್ಲಿಯೇ ಇದ್ದರೆ ಈ ಉಪಾಯ ನಡೆಯದು. ಆಗ ಎರಡನೆಯ ಕಾಗುಣಿತದ ಡೊಮೇನನ್ನೂ ಕೊಳ್ಳಬೇಕಾಗುತ್ತದೆ. ಡೊಮೇನಿಗೆ ಊರ ಹೆಸರಿಲ್ಲದ, ಚಿಕ್ಕ ಪದವನ್ನು ಆರಿಸುವುದೇ ಜಾಣತನ.

ಪತ್ರಗಳನ್ನು ಕಂಪ್ಯೂಟರಿಗೆ ಇಳಿಸುವ ವಿಧಾನ ಎರಡು. ಪಿಒಪಿ ಎಂಬ ಹಳೆಯ ಪದ್ಧತಿ ಪತ್ರಗಳನ್ನು ಕಚೇರಿಯ ಯಂತ್ರಕ್ಕೆ ಇಳಿಸಿ, ಬೇರೆ ಸೂಚನೆ ಇಲ್ಲದಿದ್ದರೆ ಸರ್ವರಿನಿಂದ ಅಳಿಸಿಬಿಡುತ್ತದೆ. ಹಿಂದಿನ ಪೆಟ್ಟಿಗೆಗಳ ಜಾಗ ಕಿರಿದಾಗಿದ್ದುದರಿಂದ ಅದು ಅನಿವಾರ್ಯವೂ ಆಗಿತ್ತು. ಆ ಒಂದು ಯಂತ್ರದ ಹಾರ್ಡ್‌ಡಿಸ್ಕ್ ಕೆಟ್ಟಾಗ ವರ್ಷಗಳ ಪತ್ರವ್ಯವಹಾರ ಹೋಗುವುದೂ ಅಷ್ಟೇ ಅನಿವಾರ್ಯವಾಗಿತ್ತು. ಐಎಂಎಪಿ ಪದ್ಧತಿಯಲ್ಲಿ ಪತ್ರಗಳು ಸರ್ವರಿನಲ್ಲಿಯೇ ಇದ್ದು ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಕಾಣುತ್ತವೆ. ಇಬ್ಬರು ಮೂವರು ಒಂದು ಪೆಟ್ಟಿಗೆಯನ್ನು ನೋಡಬೇಕಾದಲ್ಲಿ ಇದೇ ಯೋಗ್ಯ. ಥಂಡರ್‌ಬರ್ಡ್‌ನಂತಹ ತಂತ್ರಾಂಶದಲ್ಲಿ ನಾಲ್ಕೂ ಖಾತೆಗಳನ್ನು ಒಂದೇ ಕಿಟಕಿಯಲ್ಲಿ ತೆರೆದಿಡಬಹುದು. ಸ್ವೀಕರಿಸಲು 993, ಕಳುಹಿಸಲು 587 ಅಥವಾ 465 ಎಂಬ ಪೋರ್ಟ್ ಸಂಖ್ಯೆಗಳು ಸಾಮಾನ್ಯವಾಗಿ ಹೊಂದುತ್ತವೆ. ಆದರೆ ಐಎಂಎಪಿ ಸಂಗ್ರಹವಲ್ಲ ಎಂಬುದನ್ನು ಮರೆಯಬಾರದು. ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿಯುತ್ತದೆ. ವರ್ಷಕ್ಕೊಮ್ಮೆ ಪ್ರತಿ ಪೆಟ್ಟಿಗೆಯ ನಕಲನ್ನು 'ಎಂಬಾಕ್ಸ್' ಕಡತವಾಗಿ ತೆಗೆದು ಎರಡು ಕಡೆ ಇಡಬೇಕು.

ಆ ನಕಲನ್ನು ತೆಗೆಯುವಾಗ ಕನ್ನಡಕ್ಕೇ ವಿಶಿಷ್ಟವಾದ ಇನ್ನೊಂದು ಕೆಲಸವಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳ ಅಕ್ಷರವಿನ್ಯಾಸದಲ್ಲಿ ಬರೆದ ಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒತ್ತುಗುರುತುಗಳ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಅವು ಹಾಳಾಗಿಲ್ಲ, ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದರೆ ಓದಬಹುದು. ಹಾಳಾಗಿವೆ ಎಂದು ಭಾವಿಸಿ ಅಳಿಸುವುದೇ ನಿಜವಾದ ಅಪಾಯ. ಪರಿವರ್ತಿತ ಪ್ರತಿಯ ಜೊತೆಗೆ ಮೂಲವನ್ನೂ ಇಡುವುದು ಒಳ್ಳೆಯದು, ಅರ್ಕಾವೊತ್ತಿನ ಕಡೆ ಪರಿವರ್ತಕಗಳು ಆಗಾಗ ಎಡವುತ್ತವೆ.

ಹಲವು ಖಾತೆಗಳಿದ್ದಾಗ ಪತ್ರ ಯಾವ ಹೆಸರಿನಿಂದ ಹೊರಡುತ್ತದೆ ಎಂಬ ಎಚ್ಚರವೂ ಬೇಕು. ತಜ್ಞರ ಗುಪ್ತ ವಿಮರ್ಶೆಯ ಟಿಪ್ಪಣಿಯನ್ನು ಲೇಖಕರಿಗೆ ಕಳುಹಿಸುವಾಗ ಸ್ವಂತ ಖಾತೆಯಿಂದ ಉತ್ತರಿಸಿದ ಸಂಪಾದಕರು, ಅಥವಾ ವಿಮರ್ಶಕರ ಪತ್ರವನ್ನೇ ಮುಂದಕ್ಕೆ ತಳ್ಳಿದವರು, ಗೋಪ್ಯವನ್ನು ಒಂದು ಗುಂಡಿ ಒತ್ತಿ ಬಯಲು ಮಾಡಿರುತ್ತಾರೆ. ಮರುರವಾನೆಯಲ್ಲಿ ಬೇರೆಯದೇ ತೊಡಕಿದೆ. ಒಂದು ಡೊಮೇನಿನ ಪರವಾಗಿ ಪತ್ರ ಕಳುಹಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂಬ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತಾರೆ. ಮರುರವಾನೆಯಾದ ಪತ್ರ ಪಟ್ಟಿಯಲ್ಲಿಲ್ಲದ ಸರ್ವರಿನಿಂದ ಬರುವುದರಿಂದ ಅನುಮಾನಕ್ಕೆ ಗುರಿಯಾಗುತ್ತದೆ. 2024ರ ಫೆಬ್ರುವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಈ ಬಗೆಯ ಪರಿಶೀಲನೆಯನ್ನು ಬಿಗಿಗೊಳಿಸಿವೆ. ಆದ್ದರಿಂದ ನಾಲ್ಕು ಪೆಟ್ಟಿಗೆಗಳಿಂದ ಒಂದಕ್ಕೆ ದಾಟಿಸುವುದಕ್ಕಿಂತ ನಾಲ್ಕನ್ನೂ ನೇರವಾಗಿ ತೆರೆದು ನೋಡುವುದು ಲೇಸು.

ಕನ್ನಡ ಲಿಪಿಯಲ್ಲಿಯೇ ವಿಳಾಸವಿರಬಾರದೆ ಎಂಬುದು ಸಹಜವಾದ ಪ್ರಶ್ನೆ. ಇರಬಹುದು, ಅದಕ್ಕೆ ಬೇಕಾದ ಮಾನದಂಡಗಳು 2012ರಲ್ಲಿಯೇ ಪ್ರಕಟವಾಗಿವೆ, 'ಡಾಟ್ ಭಾರತ' ಕನ್ನಡದಲ್ಲಿಯೂ ಇದೆ. ಆದರೆ ಕಳುಹಿಸುವ, ಸ್ವೀಕರಿಸುವ ಎರಡೂ ಸರ್ವರುಗಳು ಆ ಮಾನದಂಡವನ್ನು ಒಪ್ಪಿದ್ದರೆ ಮಾತ್ರ ಪತ್ರ ಸಾಗುತ್ತದೆ. ಹಾಗಾಗಿ ಕನ್ನಡದ ವಿಳಾಸಕ್ಕೆ ಬೆನ್ನಿಗೊಂದು ರೋಮನ್ 'ಉರ್ಫ್' ಸದ್ಯಕ್ಕೆ ತಪ್ಪಿದ್ದಲ್ಲ.

ಬೀಗದ ಕೈಯ ವಿಚಾರ. ಎರಡು ಹಂತದ ದೃಢೀಕರಣಕ್ಕೆ ಕಾರ್ಯದರ್ಶಿಯ ಸ್ವಂತ ಮೊಬೈಲ್ ಸಂಖ್ಯೆ ಕೊಟ್ಟಿದ್ದರೆ ಸಂಸ್ಥೆಯ ಬೀಗ ಅವರ ಜೇಬಿನಲ್ಲಿರುತ್ತದೆ. ನಿಷ್ಕ್ರಿಯವಾದ ಸಂಖ್ಯೆಯನ್ನು ದೂರಸಂಪರ್ಕ ಸಂಸ್ಥೆಗಳು ತೊಂಬತ್ತು ದಿನಗಳ ಬಳಿಕ ಬೇರೆಯವರಿಗೆ ಕೊಡಬಹುದು. ಸಂಸ್ಥೆಯ ಹೆಸರಿನಲ್ಲೊಂದು ಸಿಮ್, ಮುದ್ರಿಸಿ ಇಟ್ಟ ತುರ್ತು ಸಂಕೇತಗಳು, ಮೂಲಖಾತೆಯ ವಿವರವಿರುವ ಮುಚ್ಚಿದ ಲಕೋಟೆ ಇವು ನಡಾವಳಿ ಪುಸ್ತಕದ ಜೊತೆಗೆ ಕಪಾಟಿನಲ್ಲಿರಲಿ. ಪದಾಧಿಕಾರಿಗಳು ಬದಲಾದ ದಿನವೇ ಗುಪ್ತಪದಗಳೂ ಬದಲಾಗಲಿ. ಉಚಿತ ಖಾತೆಗಳನ್ನು ಬಳಸುವವರು ಇನ್ನೊಂದನ್ನು ಗಮನಿಸಬೇಕು: ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಹಳೆಯ ವಿಳಾಸವನ್ನು ಬಿಡಬೇಕಾದಾಗ ಸಂಪರ್ಕವನ್ನು ತಕ್ಷಣ ರದ್ದುಪಡಿಸದೆ ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳುವುದು ಉಚಿತ. ಆ ಅವಧಿಯಲ್ಲಿ ಬಂದ ಪ್ರತಿ ಪತ್ರಕ್ಕೂ ಹೊಸ ವಿಳಾಸ ತಿಳಿಸುವ ಸ್ವಯಂಚಾಲಿತ ಉತ್ತರ ಹೋಗಬೇಕು, ಕನ್ನಡದಲ್ಲಿ ಮತ್ತು ಆ ರಾಜ್ಯದ ಭಾಷೆಯಲ್ಲಿ. ಯಾರು ಇನ್ನೂ ಹಳೆಯದಕ್ಕೇ ಬರೆಯುತ್ತಿದ್ದಾರೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದರೆ ಒಂದು ಸಂಗತಿ ಕಂಡೀತು: ವಿಶ್ವವಿದ್ಯಾಲಯಗಳವರು ಬೇಗ ಬದಲಾಯಿಸಿಕೊಳ್ಳುತ್ತಾರೆ; ಪಟ್ಟಿಯಲ್ಲಿ ಕೊನೆಯವರೆಗೆ ಉಳಿಯುವವರು ಹಳ್ಳಿಯ ಶಿಕ್ಷಕರು, ಮಠಗಳ ಗುಮಾಸ್ತರು, ಹಸ್ತಪ್ರತಿಗಳನ್ನು ಮನೆಯಲ್ಲಿಟ್ಟುಕೊಂಡಿರುವವರು. ಅವರಿಗೆ ಕಾರ್ಡಿನಲ್ಲಿ ಬರೆದು ತಿಳಿಸಬೇಕು.