ದೊಡ್ಡ ಸಂಪಿಗೆಯ ಸನ್ನಿಧಿ

ಮುಂಗಾರಿನ ದಿನಗಳಲ್ಲಿ ಗುಂಡ್ಲುಪೇಟೆಯ ಹೆದ್ದಾರಿಯ ಇಕ್ಕೆಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಹೊಂಬಣ್ಣ ತಳೆಯುತ್ತವೆ. ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೂವಿಗಿಂತ ಕ್ಯಾಮರಾಗಳೇ ಹೆಚ್ಚೇನೋ ಎನ್ನಿಸುವಷ್ಟು ಜನ. ತುಳಿತಕ್ಕೆ ಸಿಕ್ಕ ಗಿಡಗಳ ಲೆಕ್ಕ ಹೊಲದೊಡೆಯನಿಗೇ ಗೊತ್ತು! ಜಪಾನಿನಲ್ಲಿಯೂ ಚೆರ್ರಿ ಅರಳುವ ದಿನಗಳಲ್ಲಿ ಹೆಸರಾಂತ ಉದ್ಯಾನಗಳಲ್ಲಿ ಕಾಲಿಡಲು ಎಡೆಯಿರುವುದಿಲ್ಲ. ಆಗ ಬಲ್ಲ ರಸಿಕರು ಊರಾಚೆಯ ಯಾವುದಾದರೊಂದು ಬೌದ್ಧ ವಿಹಾರದ ಅಂಗಳವನ್ನು ಅರಸಿ ಹೊರಡುತ್ತಾರೆ.

ಚಾಮರಾಜನಗರದ ಸೀಮೆಗೂ ಅಂಥದೊಂದು ಅಂಗಳವುಂಟು. ಬಿಳಿಗಿರಿರಂಗನ ಬೆಟ್ಟದ ನೆತ್ತಿಯ ಮೇಲಿನ ರಂಗನಾಥನ ಗುಡಿಯಲ್ಲ. ಅಲ್ಲಿ ವೈಶಾಖದ ತೇರಿಗೆ ಜನಸಾಗರವೇ ಹರಿದುಬರುತ್ತದೆ. ಅದರಿಂದ ದೂರ, ದಟ್ಟಡವಿಯೊಳಗೆ, ಭಾರ್ಗವಿ ಹೊಳೆಯ ಬಳಿ ನಿಂತಿರುವ ದೊಡ್ಡ ಸಂಪಿಗೆ ಮರವೇ ಆ ಸನ್ನಿಧಿ.

ಇಲ್ಲಿ ಗೋಪುರವಿಲ್ಲ, ಗರ್ಭಗುಡಿಯಿಲ್ಲ. ಮರವೇ ದೇವರು. ಅದು ಹಲವು ಶತಮಾನಗಳನ್ನು ಕಂಡದ್ದೆಂಬುದು ಜನರ ನಂಬುಗೆ. ಗಂಟುಗಂಟಾಗಿ ಉಬ್ಬಿದ ಬುಡ ಒಬ್ಬಿಬ್ಬರ ತೋಳಿಗೆ ನಿಲುಕುವಂಥದಲ್ಲ. ಕೆಳಗೆ ಲಿಂಗಾಕಾರದ ಅನೇಕ ಕಲ್ಲುಗಳು. ಹೂವು ಅರಳುವುದು ಮುಗಿಲೆತ್ತರದ ಕೊಂಬೆಗಳಲ್ಲಿ. ಕಣ್ಣಿಗೆ ಸಿಗುವುದು ಅಪರೂಪ. ಕಾಣುವ ಮುನ್ನವೇ ಗಾಳಿಯಲ್ಲಿ ಅದರ ಇರವು ತಿಳಿಯುತ್ತದೆ. ಚೆರ್ರಿಯದು ಕಣ್ಣಿನ ಹಬ್ಬ, ಎಸಳುದುರಿತೆಂದರೆ ಮುಗಿಯಿತು. ಸಂಪಿಗೆಯಾದರೋ ನೆಲಕ್ಕೆ ಬಿದ್ದು ಕಂದಿದ ಮೇಲೂ ಕಂಪನ್ನು ಬಿಟ್ಟುಕೊಡುವುದಿಲ್ಲ.

ಈ ಮರವನ್ನು ತಲೆತಲಾಂತರದಿಂದ ಪೂಜಿಸುತ್ತ ಬಂದವರು ಸೋಲಿಗರು. ತಮ್ಮ ಕುಲದ ಹೆಣ್ಣು ಕುಸುಮಾಲೆಯ ಕೈಹಿಡಿದನೆಂದು ರಂಗನಾಥನನ್ನೇ 'ಭಾವ' ಎನ್ನುವ ಸಲಿಗೆ ಅವರದು. ಕಾಡಿನ ಒಂದೊಂದು ಎಲ್ಲೆಯೂ ಒಂದೊಂದು ಕುಲದ್ದು. ಅದರ ಮರ, ಕಲ್ಲು, ತೊರೆಗಳಲ್ಲಿ ಆ ಕುಲದ ದೇವರು. 1974ರಲ್ಲಿ ಈ ಅರಣ್ಯ ವನ್ಯಧಾಮವಾದಾಗ ಬೇಟೆಯೂ ಕುಮರಿ ಬೇಸಾಯವೂ ನಿಂತವು, ಎಷ್ಟೋ ಪೋಡುಗಳು ಕಾಡಿನ ಅಂಚಿಗೆ ಬಂದವು. ತಮ್ಮ ದೇವರನ್ನು ಕಾಣಲು ಪರರ ಅಪ್ಪಣೆ ಬೇಡಬೇಕಾದವರ ಸಂಕಟವನ್ನು ನಗರವಾಸಿಗಳು ಸುಲಭವಾಗಿ ಊಹಿಸಲಾರರು. ಮುಂದೆ ಹಿರಿಯ ಸೋಲಿಗರು ಕಾಡಿನುದ್ದಕ್ಕೂ ನಡೆದು, ನೆನಪಿನಲ್ಲಿದ್ದ ನೂರಾರು ದೇವರ ನೆಲೆಗಳನ್ನು ತೋರಿಸಿದರು. ಸಂಶೋಧಕರೊಡನೆ ಸೇರಿ ಅವನ್ನು ನಕ್ಷೆಗೆ ಇಳಿಸಿದರು.

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯಿದೆಯಂತೆ ಸೋಲಿಗರ ಹಲವು ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಗಳು ದೊರೆತವು. ಹುಲಿಗೆ ಮೀಸಲಾದ ಅರಣ್ಯದೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶದಲ್ಲಿಯೇ ಅವರು ಮೊದಲಿಗರು. ಜೇನು, ನೆಲ್ಲಿಕಾಯಿಗಳ ಜೊತೆಗೆ ದೇವರ ತಾಣಗಳಿಗೆ ಹೋಗಿಬರುವ ಹಕ್ಕೂ ಅದರಲ್ಲಿ ಸೇರಿದೆ.

ಹೊರಗಿನವರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೇಳಿದವರಿಗೆಲ್ಲ ಅದು ಸಿಗಬೇಕೆಂದೂ ಇಲ್ಲ. ಸಿಕ್ಕವರು ಫಲಾಹಾರದ ಡಬ್ಬಿ, ರೇಡಿಯೋಗಳನ್ನು ಮನೆಯಲ್ಲೇ ಬಿಟ್ಟು ಬರುವುದು ಲೇಸು. ಅಲ್ಲಿ ಕೇಳಬೇಕಾದುದು ಹೊಳೆಯ ಸದ್ದು. ಆಗೊಮ್ಮೆ ಈಗೊಮ್ಮೆ, ಮೇಲಿನಿಂದ ಕಳಚಿದ ಹೂವೊಂದು ತರಗೆಲೆಯ ಮೇಲೆ ಬೀಳುವ ಸದ್ದು.